ವಾರಕ್ಕೊಂದು ಟ್ರೈ ಹೊಡೆದರೂ ಮೇಲಿನ ತಂಡಕ್ಕೆ ಯಾಕೆ ಕರೆಯುತ್ತಿಲ್ಲ?

ಬ್ಲ್ಯಾಕ್‌ಟೌನ್_ಹೊಸಬ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಿಡ್ನಿಗೆ ಬಂದು ಸ್ವಲ್ಪ ವರ್ಷವಾಯಿತು. ರಗ್ಬಿ ಲೀಗ್ ನೋಡಲು ಶುರು ಮಾಡಿದ್ದು ಮಾತ್ರ ಇತ್ತೀಚೆಗೆ. ನಿಯಮಗಳು ಈಗ ಅರ್ಥವಾಗುತ್ತವೆ. ಒಂದು ಕಡೆಗೆ 13 ಜನ, 80 ನಿಮಿಷ, ಆರು ಟ್ಯಾಕಲ್ (ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ತಡೆಯುವುದು) ಒಳಗೆ ಏನಾದರೂ ಮಾಡಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಗೋಲ್ ಗೆರೆಯ ಆಚೆ ಚೆಂಡನ್ನು ನೆಲಕ್ಕೆ ಊರಿದರೆ ಟ್ರೈ, ಅದಕ್ಕೆ 4 ಅಂಕ. ಅರ್ಥವಾಗದ್ದು ಬೇರೆ ಒಂದಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವ ಗೋದಾಮಿನಲ್ಲಿ ಸಮೋವಾ ಮೂಲದ ಹಿರಿಯರೊಬ್ಬರು ಇದ್ದಾರೆ. ಅವರ ಮಗ ಎನ್‌ಎಸ್‌ಡಬ್ಲ್ಯೂ (ನ್ಯೂ ಸೌತ್ ವೇಲ್ಸ್) ಕಪ್‌ನಲ್ಲಿ ವಿಂಗರ್, ಮೈದಾನದ ಅಂಚಿನಲ್ಲಿ ಆಡುವವನು. ಅಂದರೆ ಇಲ್ಲಿನ ಅತಿ ದೊಡ್ಡ ಲೀಗ್ ಆದ ಎನ್‌ಆರ್‌ಎಲ್‌ಗಿಂತ ಒಂದೇ ಮೆಟ್ಟಿಲು ಕೆಳಗೆ, ಇಲ್ಲಿನ ಹಳಬರು ರಿಸರ್ವ್ ಗ್ರೇಡ್ ಅನ್ನುವ ತಂಡದಲ್ಲಿ. ಹುಡುಗ ಹೆಚ್ಚು ಕಡಿಮೆ ವಾರಕ್ಕೊಂದು ಟ್ರೈ ಹೊಡೆಯುತ್ತಿದ್ದಾನೆ. ಪ್ರತಿ ಮಂಗಳವಾರ ಸಂಜೆ 4 ಗಂಟೆಗೆ ಎನ್‌ಆರ್‌ಎಲ್ ತಂಡಗಳ ಪಟ್ಟಿ ಬರುತ್ತದೆ. ಆಗ ಇವರು ಫೋರ್ಕ್‌ಲಿಫ್ಟ್ ನಿಲ್ಲಿಸಿ ಫೋನ್ ತೆಗೆಯುತ್ತಾರೆ. ಮಗನ ಹೆಸರು ಇರುವುದಿಲ್ಲ. ಏನೂ ಮಾತಾಡದೆ ಮತ್ತೆ ಕೆಲಸ ಶುರು ಮಾಡುತ್ತಾರೆ.

ಅವರ ಜೊತೆ ಈ ವಿಷಯ ಮಾತಾಡಬೇಕು ಅನ್ನಿಸುತ್ತದೆ. ಆದರೆ "ಮುಂದಿನ ವಾರ ಆಗುತ್ತೆ ಬಿಡಿ" ಅಂತ ಸುಮ್ನೆ ಸಮಾಧಾನ ಹೇಳುವುದು ನನಗೆ ಇಷ್ಟವಿಲ್ಲ. ರಿಸರ್ವ್ ಗ್ರೇಡ್ ಆಟಗಾರ ಒಳ್ಳೆಯ ಫಾರ್ಮ್‌ನಲ್ಲಿ ಇದ್ದಾನೆ ಅಂತ ನಿಜವಾಗಿ ಹೇಗೆ ಗೊತ್ತಾಗುತ್ತದೆ? ಮೇಲೆ ಹೋಗುವುದು, ಹೋಗದಿರುವುದು ಯಾವುದರ ಮೇಲೆ ನಿಂತಿದೆ? ಬಹಳ ವರ್ಷದಿಂದ ನೋಡುತ್ತಿರುವವರು ದಯವಿಟ್ಟು ತಿಳಿಸಿ. ಹುಡುಗನ ಹೆಸರು, ಕ್ಲಬ್ ಎರಡೂ ಇಲ್ಲಿ ಹಾಕುವುದಿಲ್ಲ.

ವೆಂಟ್ವರ್ತ್‌ವಿಲ್_ಗಾರ್ಡ್ ಉತ್ತರ:

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ.

ನಮ್ಮದು ದಾವಣಗೆರೆ ಕಡೆ. ಇಲ್ಲಿ ರೈಲಿನಲ್ಲಿ ಗಾರ್ಡ್ ಕೆಲಸ ಮಾಡಿ ನಿವೃತ್ತನಾದೆ. ಮನೆ ರಿಂಗ್‌ರೋಸ್ ಪಾರ್ಕ್‌ಗೆ ನಡೆದು ಹೋಗುವಷ್ಟು ಹತ್ತಿರ. ವೆಂಟ್ವರ್ತ್‌ವಿಲ್ ಮ್ಯಾಗ್‌ಪೈಸ್ ತಂಡ ಪರಮಟ್ಟಾ ಈಲ್ಸ್‌ನ ಕೆಳಗಿನ ತಂಡವಾಗಿದ್ದ ಕಾಲದಲ್ಲಿ ಪಾಳಿ ಮುಗಿಸಿ ಸೀದಾ ಮೈದಾನಕ್ಕೆ ಹೋಗುತ್ತಿದ್ದೆ. ಈಗ ಈಲ್ಸ್ ತನ್ನ ಹೆಸರಿನಲ್ಲೇ ಕೆಳಗಿನ ತಂಡ ಇಳಿಸುತ್ತದೆ. ನಾನೂ ಅದರ ಹಿಂದೆ ಹೋಗುತ್ತೇನೆ. ಎನ್‌ಆರ್‌ಎಲ್ ಪಂದ್ಯಕ್ಕಿಂತ ಇದೇ ನನಗೆ ಜಾಸ್ತಿ ಇಷ್ಟ. ಇಲ್ಲಿ ಆಟಗಾರರ ಮಾತು ಕೇಳಿಸುತ್ತದೆ. ಯಾರು ಯಾರನ್ನು ಕರೆದು ನಿಲ್ಲಿಸಿದರು, ಯಾರು ಸುಸ್ತಾದರು, ಎಲ್ಲಾ ಕಾಣಿಸುತ್ತದೆ.

ನಿಮ್ಮ ಸಹೋದ್ಯೋಗಿಯ ಮಗನ ಟ್ರೈಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಿ. ವಿಂಗರ್ ಹೊಡೆಯುವ ಟ್ರೈಗಳಲ್ಲಿ ಅರ್ಧದಷ್ಟು ಬೇರೆಯವರ ಕೆಲಸ. ಒಳಗೆ ಆಟ ನಡೆಸುವ ಹಾಫ್‌ಬ್ಯಾಕ್ ಸರಿಯಾದ ಹೊತ್ತಿಗೆ ಪಾಸ್ ಕೊಟ್ಟಿರುತ್ತಾನೆ. ವಿಂಗರ್‌ನ ಒಳಪಕ್ಕದಲ್ಲಿ ಆಡುವ ಸೆಂಟರ್ ಎದುರಾಳಿಯನ್ನು ತನ್ನ ಕಡೆಗೆ ಎಳೆದಿರುತ್ತಾನೆ. ಕೊನೆಗೆ ಮೂಲೆಯಲ್ಲಿ ಹಾರುವುದು ವಿಂಗರ್. ಅದಕ್ಕೂ ಕೌಶಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮೇಲಿನ ಕೋಚ್ ವೀಡಿಯೊ ಹಾಕಿಕೊಂಡು ಕೂತಾಗ ಮೊದಲು ನೋಡುವುದು ಅದನ್ನಲ್ಲ.

ವಿಂಗರ್ ವಿಷಯದಲ್ಲಿ ಮೊದಲು ನೋಡುವುದು ಎತ್ತರದ ಚೆಂಡು. ಎದುರಾಳಿ ಐದನೇ ಟ್ಯಾಕಲ್ ಆದ ಮೇಲೆ ಚೆಂಡನ್ನು ಆಕಾಶಕ್ಕೆ ಒದೆಯುತ್ತಾನೆ. ಚೆಂಡು ಕೆಳಗೆ ಬರುವಷ್ಟರಲ್ಲಿ ಇಬ್ಬರು ಮೂವರು ಓಡಿ ಬಂದು ಮೈಮೇಲೆ ಎಗರುತ್ತಾರೆ. ಅವರ ನಡುವೆ ಹಾರಿ ಹಿಡಿಯಬೇಕು. ಒಂದು ಬಿಟ್ಟರೆ ಎದುರಿನವರು ಮುಂದಿನ ಅರ್ಧ ಗಂಟೆ ಅವನ ತಲೆಯ ಮೇಲೆಯೇ ಒದೆಯುತ್ತಾರೆ. ಎನ್‌ಆರ್‌ಎಲ್‌ನಲ್ಲಿ ಹೊಸ ವಿಂಗರ್ ಬಂದರೆ ಮೊದಲ ಹತ್ತು ನಿಮಿಷದಲ್ಲೇ ಈ ಪರೀಕ್ಷೆ ಆಗಿಬಿಡುತ್ತದೆ.

ಎರಡನೆಯದು ತಮ್ಮ ಗೋಲಿನ ಹತ್ತಿರದಿಂದ ಚೆಂಡನ್ನು ಹೊರಗೆ ತರುವ ಕೆಲಸ. ಸೆಟ್‌ನ (ಆರು ಟ್ಯಾಕಲ್‌ಗಳ ಒಂದು ಸರದಿಯ) ಮೊದಲ ಎರಡು ಓಟ ಈಗ ಬಹುತೇಕ ವಿಂಗರ್‌ಗಳದೇ. ನಡುವೆ ಆಡುವ ದಪ್ಪ ಆಳುಗಳು, ಅಂದರೆ ಫಾರ್ವರ್ಡ್‌ಗಳು, ಹಿಂದಕ್ಕೆ ಓಡಿ ಬರುತ್ತಿರುತ್ತಾರೆ, ಅವರಿಗೆ ಉಸಿರು ಬೇಕು. ಆ ಹೊತ್ತಿಗೆ ವಿಂಗರ್ ಮೂವರು ದೈತ್ಯರ ಎದುರು ನುಗ್ಗಬೇಕು. ಪೆನ್ರಿತ್ ಕ್ಲಬ್‌ನ ವಿಂಗರ್ ಬ್ರಯಾನ್ ಟೊಓ ಇದ್ದಾನಲ್ಲ, ಎತ್ತರದ ಆಳೇನಲ್ಲ. ಆದರೆ ಒಂದೇ ಪಂದ್ಯದಲ್ಲಿ 200 ಮೀಟರ್ ದಾಟಿ ಓಡುವುದು ಅವನಿಗೆ ಮಾಮೂಲು. ಅಂಥವರನ್ನು ನೋಡಿದ ಮೇಲೆ ವಿಂಗರ್‌ನ ಅಳತೆಗೋಲೇ ಬದಲಾಯಿತು.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ರಕ್ಷಣೆಯಲ್ಲಿ ಅವನ ತೀರ್ಮಾನ. ಎದುರಾಳಿ ಅಂಚಿನ ಕಡೆ ಆಡುತ್ತಾ ಬಂದಾಗ ವಿಂಗರ್ ಒಳಗೆ ನುಗ್ಗಿ ಟ್ಯಾಕಲ್ ಮಾಡಬೇಕಾ, ಹೊರಗೆ ನಿಂತು ಕಾಯಬೇಕಾ? ಯೋಚಿಸಲು ಅರ್ಧ ಕ್ಷಣವೂ ಸಿಗುವುದಿಲ್ಲ. ತಪ್ಪಾದರೆ ಟ್ರೈ. ಎರಡು ಟ್ರೈ ಹೊಡೆದು ತನ್ನ ಅಂಚಿನಲ್ಲಿ ಮೂರು ಬಿಟ್ಟುಕೊಟ್ಟ ವಿಂಗರ್ ಮರುದಿನದ ಮುಖ್ಯಾಂಶದಲ್ಲಿ ಹೀರೋ. ಕೋಚ್ ಪುಸ್ತಕದಲ್ಲಿ ಹಾಗಿರುವುದಿಲ್ಲ.

ಇದನ್ನು ನೀವೇ ನೋಡಬಹುದು. ಮುಂದಿನ ಪಂದ್ಯಕ್ಕೆ ಹೋದಾಗ ಪಕ್ಕದ ಸ್ಟ್ಯಾಂಡ್ ಬಿಟ್ಟು ಗೋಲ್ ಕಂಬಗಳ ಹಿಂದೆ ನಿಲ್ಲಿ. ರಕ್ಷಣೆಯ ಸಾಲು ಅಲ್ಲಿಂದ ಪೂರ್ತಿ ಕಾಣುತ್ತದೆ, ಯಾರ ನಡುವೆ ಎಷ್ಟು ಜಾಗ ಅಂತ ಗೊತ್ತಾಗುತ್ತದೆ. ಚೆಂಡನ್ನು ನೋಡಬೇಡಿ. ಇಪ್ಪತ್ತು ನಿಮಿಷ ಆ ಹುಡುಗನೊಬ್ಬನನ್ನೇ ನೋಡಿ. ಚೆಂಡು ಆಚೆ ಬದಿಯಲ್ಲಿ ಇದ್ದಾಗ ಅವನು ಏನು ಮಾಡುತ್ತಾನೆ? ಪಕ್ಕದವನ ಜೊತೆ ಮಾತಾಡುತ್ತಿದ್ದಾನಾ? ತಮ್ಮ ತಂಡ ಒದ್ದ ಚೆಂಡಿನ ಹಿಂದೆ ಓಡುತ್ತಾನಾ, ನಡೆಯುತ್ತಾನಾ? ಅರವತ್ತನೇ ನಿಮಿಷದ ಮೇಲೆ ಇದನ್ನೇ ಮತ್ತೊಮ್ಮೆ ನೋಡಿ.

2019ರ ಸ್ಟೇಟ್ ಚಾಂಪಿಯನ್‌ಶಿಪ್ ಪಂದ್ಯ ನೆನಪಾಗುತ್ತದೆ. ಎನ್‌ಎಸ್‌ಡಬ್ಲ್ಯೂ ಕಪ್ ಗೆದ್ದವರು ಮತ್ತು ಕ್ವೀನ್ಸ್‌ಲ್ಯಾಂಡ್ ಕಪ್ ಗೆದ್ದವರು ಎನ್‌ಆರ್‌ಎಲ್ ಗ್ರ್ಯಾಂಡ್ ಫೈನಲ್ ದಿನ ಆಡುವ ಪಂದ್ಯ ಅದು. ಆ ವರ್ಷ ಎನ್‌ಎಸ್‌ಡಬ್ಲ್ಯೂ ಕಪ್ ಫೈನಲ್‌ನಲ್ಲಿ ನಮ್ಮ ವೆಂಟ್ವರ್ತ್‌ವಿಲ್ಲನ್ನೇ ಸೋಲಿಸಿ ನ್ಯೂಟೌನ್ ಜೆಟ್ಸ್ ಬಂದಿತ್ತು. ಎದುರಿಗೆ ಬರ್ಲೀ ಬೇರ್ಸ್. ಪಂದ್ಯದ ಕೊನೆಯ ಕ್ಷಣದಲ್ಲಿ ಗೆಲುವಿನ ಟ್ರೈ ಹೊಡೆದದ್ದು ಟೋಬಿ ರುಡಾಲ್ಫ್. ಅವನು ಓಟಗಾರನಲ್ಲ, ನಡುವಿನ ಫಾರ್ವರ್ಡ್! 80 ನಿಮಿಷದ ಪೆಟ್ಟು ತಿಂದ ಮೇಲೂ ಚೆಂಡಿನ ಪಕ್ಕದಲ್ಲಿ ಇದ್ದ. 2020ರಲ್ಲಿ ಕ್ರೋನಲಾ ಶಾರ್ಕ್ಸ್ ಅವನನ್ನು ಎನ್‌ಆರ್‌ಎಲ್‌ನಲ್ಲಿ ಆಡಿಸಿತು. ನನಗೆ ಆಶ್ಚರ್ಯ ಆಗಲಿಲ್ಲ.

ಇಷ್ಟು ಫಾರ್ಮ್ ಕಥೆ. ಆದರೆ ಇದೆಲ್ಲಾ ಸರಿಯಿದ್ದರೂ ಹುಡುಗ ಮೇಲೆ ಹೋಗದೆ ಇರಬಹುದು. ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಗಾದರೂ ತಿಳಿಸಿ. ಮೇಲೆ ಜಾಗ ಖಾಲಿ ಇರಬೇಕು. ಫಾರ್ಮ್ ಅವನ ಕೈಯಲ್ಲಿದೆ, ಜಾಗ ಅವನ ಕೈಯಲ್ಲಿಲ್ಲ.

ಪೆನ್ರಿತ್ ನೋಡಿ. 2022ರಲ್ಲಿ ಅವರು ಎನ್‌ಆರ್‌ಎಲ್ ಗೆದ್ದರು. ಅದೇ ವರ್ಷ ಎನ್‌ಎಸ್‌ಡಬ್ಲ್ಯೂ ಕಪ್, ಅದರ ಕೆಳಗಿನ ಜರ್ಸಿ ಫ್ಲೆಗ್, ಅದಕ್ಕೂ ಕೆಳಗಿನ ಎಸ್‌ಜಿ ಬಾಲ್, ಎಲ್ಲಾ ಗೆದ್ದರು. ಅಂಥ ಕ್ಲಬ್‌ನಲ್ಲಿ ರಿಸರ್ವ್ ಗ್ರೇಡ್ ಹುಡುಗ ಎಷ್ಟು ಚೆನ್ನಾಗಿ ಆಡಿದರೂ ಮೇಲೆ ಇರುವವನು ಇನ್ನೂ ಚೆನ್ನಾಗಿ ಆಡುತ್ತಿರುತ್ತಾನೆ. ಜೆಮೇನ್ ಹಾಪ್‌ಗುಡ್ ಆ ಎನ್‌ಎಸ್‌ಡಬ್ಲ್ಯೂ ಕಪ್ ತಂಡದಲ್ಲಿದ್ದ. ಪೆನ್ರಿತ್ ಪರ ಎನ್‌ಆರ್‌ಎಲ್‌ನಲ್ಲಿ ಕೆಲವೇ ಪಂದ್ಯ ಸಿಕ್ಕಿದ್ದವು. 2023ರಲ್ಲಿ ನಮ್ಮ ಪರಮಟ್ಟಾಗೆ ಬಂದ. ಬಂದವನೇ ಲಾಕ್ (ನಡುವಿನ ಫಾರ್ವರ್ಡ್) ಜಾಗ ಹಿಡಿದ. 2024ರಲ್ಲಿ ಕ್ವೀನ್ಸ್‌ಲ್ಯಾಂಡ್ ಪರ ಸ್ಟೇಟ್ ಆಫ್ ಒರಿಜಿನ್ (ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ರಾಜ್ಯಗಳ ನಡುವಿನ ಸರಣಿ) ಆಡಿದ. ಅಷ್ಟರಲ್ಲಿ ಅವನ ಆಟ ಎರಡು ಪಟ್ಟು ಬೆಳೆಯಿತಾ? ಇಲ್ಲ. ಜಾಗ ಸಿಕ್ಕಿತು. ಐಸಾಯಾ ಇಯೋಂಗಿ ಕಥೆಯೂ ಇದೇ ದಾರಿ. ಅವನು ಫುಲ್‌ಬ್ಯಾಕ್, ಎಲ್ಲರ ಹಿಂದೆ ನಿಲ್ಲುವವನು. ಪೆನ್ರಿತ್‌ನಲ್ಲಿ ಅವನ ಮುಂದೆ ಡಿಲನ್ ಎಡ್ವರ್ಡ್ಸ್ ಬಂಡೆಯ ಹಾಗೆ ನಿಂತಿದ್ದ. 2025ರಲ್ಲಿ ಕ್ಲಿಂಟ್ ಗದರ್ಸನ್ ಪರಮಟ್ಟಾ ಬಿಟ್ಟು ಹೋದಾಗ ಫುಲ್‌ಬ್ಯಾಕ್ ಜಾಗ ತೆರೆಯಿತು, ಇಯೋಂಗಿ ಬಂದು ನಿಂತ. ಎಂ4 ಹೆದ್ದಾರಿಯಲ್ಲಿ ಅರ್ಧ ಗಂಟೆಯ ದಾರಿ, ಅಷ್ಟೇ.

ಇನ್ನೊಂದು ವಿಷಯ ಅವರ ಹತ್ತಿರ ಮೆಲ್ಲಗೆ ಕೇಳಿ: ಹುಡುಗ ಕ್ಲಬ್‌ನ ಟಾಪ್ 30 ಪಟ್ಟಿಯಲ್ಲಿ ಇದ್ದಾನಾ? ಪ್ರತಿ ಎನ್‌ಆರ್‌ಎಲ್ ಕ್ಲಬ್‌ಗೆ 30 ಜನರ ಮುಖ್ಯ ಪಟ್ಟಿ ಇರುತ್ತದೆ. ಅದರ ಕೆಳಗೆ ಡೆವಲಪ್‌ಮೆಂಟ್ ಪಟ್ಟಿ. ಅದರ ಹೊರಗೆ ಬರೀ ರಿಸರ್ವ್ ಗ್ರೇಡ್ ಒಪ್ಪಂದದವರು. ಮುಖ್ಯ ಪಟ್ಟಿಯ ಹೊರಗಿದ್ದರೆ ಸೀಸನ್‌ನ ಮೊದಲ ಭಾಗದಲ್ಲಿ ಕೋಚ್‌ಗೆ ಬೇಕು ಅನ್ನಿಸಿದರೂ ಸುಲಭವಾಗಿ ಇಳಿಸಲು ಬರುವುದಿಲ್ಲ, ಎನ್‌ಆರ್‌ಎಲ್ ವಿಶೇಷ ಅನುಮತಿ ಬೇಕು. ಎಷ್ಟೋ ಅಪ್ಪ ಅಮ್ಮ ಮಂಗಳವಾರದ ಪಟ್ಟಿ ನೋಡಿ ಸಂಕಟಪಡುತ್ತಾರೆ, ಆ ವಾರ ಅವರ ಮಗನಿಗೆ ಬಾಗಿಲೇ ತೆರೆದಿರುವುದಿಲ್ಲ.

ಬ್ರಿಸ್ಬೇನ್_ಶಿವಮೊಗ್ಗ ಉತ್ತರ:

ಗಾರ್ಡ್ ಸರ್ ಹೇಳಿದ್ದು ಸಿಡ್ನಿ ಮಟ್ಟಿಗೆ ಪೂರ್ತಿ ಸರಿ. ಕ್ವೀನ್ಸ್‌ಲ್ಯಾಂಡ್ ಕಡೆ ವ್ಯವಸ್ಥೆ ಬೇರೆ. ಅದನ್ನು ಸೇರಿಸುತ್ತೇನೆ, ಯಾಕೆಂದರೆ ಆ ಹುಡುಗನಿಗೂ ನಾಳೆ ಇದು ಬೇಕಾಗಬಹುದು.

ಸಿಡ್ನಿಯಲ್ಲಿ ಒಂದು ಕ್ಲಬ್, ಅದರ ಕೆಳಗೆ ಒಂದೇ ರಿಸರ್ವ್ ತಂಡ. ಇಲ್ಲಿ ಕ್ವೀನ್ಸ್‌ಲ್ಯಾಂಡ್ ಕಪ್‌ನಲ್ಲಿ ಆಡುವುದು ಸ್ವತಂತ್ರ ಕ್ಲಬ್‌ಗಳು. ಅವುಗಳಿಗೆ ಅವರದೇ ಊರು, ಅವರದೇ ಹಳೆಯ ಅಭಿಮಾನಿಗಳು. ಎನ್‌ಆರ್‌ಎಲ್ ಕ್ಲಬ್ ತನ್ನ ಉಳಿದ ಆಟಗಾರರನ್ನು ಎರಡು ಮೂರು ಕಡೆಗೆ ಹಂಚುತ್ತದೆ. ಉತ್ತರದ ಎನ್‌ಆರ್‌ಎಲ್ ಕ್ಲಬ್ ಕೌಬಾಯ್ಸ್‌ನ ಆಟಗಾರರು ಟೌನ್ಸ್‌ವಿಲ್, ಕೇರ್ನ್ಸ್, ಮ್ಯಾಕೈ ತಂಡಗಳಲ್ಲಿ ಆಡುತ್ತಾ ಬಂದಿದ್ದಾರೆ. ಇದರಿಂದ ಒಂದು ದೊಡ್ಡ ಲಾಭ ಇದೆ. ಕ್ಲಬ್‌ನಲ್ಲಿ ಇಬ್ಬರು ಎಳೆಯ ಹಾಫ್‌ಬ್ಯಾಕ್ ಇದ್ದರೆ ಸಿಡ್ನಿಯಲ್ಲಿ ಒಬ್ಬ ಬೆಂಚ್‌ನಲ್ಲಿ ಕೂರಬೇಕು. ಇಲ್ಲಿ ಇಬ್ಬರೂ ಬೇರೆ ಬೇರೆ ತಂಡದಲ್ಲಿ 80 ನಿಮಿಷ ಆಡಬಹುದು. ನಷ್ಟವೂ ಇದೆ. ಕೋಚ್ ಇಬ್ಬರನ್ನೂ ಒಂದೇ ಮೈದಾನದಲ್ಲಿ ನೋಡಲಾರ. ಪಕ್ಕದಲ್ಲಿ ಆಡುವವರ ಮಟ್ಟವೂ ಒಂದೇ ಇರುವುದಿಲ್ಲ, ಹೋಲಿಸುವುದು ಕಷ್ಟ.

ಮೆಲ್ಬರ್ನ್ ಸ್ಟಾರ್ಮ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡಿತು. ಮೆಲ್ಬರ್ನ್‌ನಲ್ಲಿ ಆ ಮಟ್ಟದ ಲೀಗ್ ಇಲ್ಲ, ಅದಕ್ಕೆ ಹುಡುಗರನ್ನು ವಿಮಾನ ಹತ್ತಿಸಿ ಸನ್‌ಶೈನ್ ಕೋಸ್ಟ್ ಫಾಲ್ಕನ್ಸ್ ತಂಡಕ್ಕೆ ಕಳಿಸುತ್ತಿದ್ದರು. ನಿಕೋ ಹೈನ್ಸ್ ಮೊದಲು ಮ್ಯಾಕೈ ಕಟ್ಟರ್ಸ್‌ನಲ್ಲಿ, ಆಮೇಲೆ ಫಾಲ್ಕನ್ಸ್‌ನಲ್ಲಿ ಆಡಿದವನು. ಎನ್‌ಆರ್‌ಎಲ್‌ಗೆ ಬಂದದ್ದು 2019ರಲ್ಲಿ. ಸ್ಟಾರ್ಮ್‌ನಲ್ಲಿ ಅವನಿಗೆ ಖಾಯಂ ಜಾಗ ಇರಲಿಲ್ಲ, ಯಾರಾದರೂ ಗಾಯಗೊಂಡರೆ ಅವರ ಜಾಗದಲ್ಲಿ ಆಡುತ್ತಿದ್ದ. 2022ರಲ್ಲಿ ಶಾರ್ಕ್ಸ್‌ಗೆ ಹೋಗಿ ಹಾಫ್‌ಬ್ಯಾಕ್ ಆದ, ಅದೇ ವರ್ಷ ಡ್ಯಾಲಿ ಎಂ ಪದಕ ಗೆದ್ದ. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕ ಅದು.

ನನಗೆ ಎಲ್ಲರಿಗಿಂತ ಹಿಡಿಸಿದವನು ಜಸ್ಟಿನ್ ಓಲಮ್. ಪಾಪುವಾ ನ್ಯೂ ಗಿನಿಯ ಚಿಂಬು ಬೆಟ್ಟಗಳ ಹಳ್ಳಿ ಹುಡುಗ. ಲೇ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಆಟವನ್ನು ಗಂಭೀರವಾಗಿ ತೆಗೆದುಕೊಂಡದ್ದೇ ಕಾಲೇಜಿನಲ್ಲಿ. ಕ್ವೀನ್ಸ್‌ಲ್ಯಾಂಡ್ ಕಪ್‌ನಲ್ಲಿ ಪಿಎನ್‌ಜಿ ಹಂಟರ್ಸ್ ಪರ ಆಡಿದ. ಸ್ಟಾರ್ಮ್ ಅವನನ್ನು ತಗೊಂಡು ಫಾಲ್ಕನ್ಸ್‌ಗೆ ಕಳಿಸಿತು. 2018ರಲ್ಲಿ ಎನ್‌ಆರ್‌ಎಲ್, 2020ರಲ್ಲಿ ಪ್ರೀಮಿಯರ್‌ಶಿಪ್ (ಎನ್‌ಆರ್‌ಎಲ್ ಪ್ರಶಸ್ತಿ), 2021ರಲ್ಲಿ ವರ್ಷದ ಅತ್ಯುತ್ತಮ ಸೆಂಟರ್. ಹದಿನೆಂಟಕ್ಕೇ ಆಗಲಿಲ್ಲ ಅಂತ ಹತಾಶರಾಗುವ ಮನೆಗಳಲ್ಲಿ ಇವನ ಕಥೆ ಹೇಳಬೇಕು.

ಎರವಲು ದಾರಿಯೂ ಒಂದಿದೆ. ಸ್ಟಾರ್ಮ್‌ನ ಹ್ಯಾರಿ ಗ್ರ್ಯಾಂಟ್ ಹುಕರ್, ಟ್ಯಾಕಲ್ ಆದ ಮೇಲೆ ಚೆಂಡೆತ್ತಿ ಪಾಸ್ ಕೊಡುವವನು. ಅವನ ಮುಂದೆ ಇದ್ದವನು ಕ್ಯಾಮರಾನ್ ಸ್ಮಿತ್. ಸ್ಮಿತ್ ಇರುವವರೆಗೆ ಸ್ಟಾರ್ಮ್‌ನಲ್ಲಿ ಬೇರೆ ಹುಕರ್‌ಗೆ ಏನು ಜಾಗ? 2020ರಲ್ಲಿ ಗ್ರ್ಯಾಂಟ್‌ನನ್ನು ವೆಸ್ಟ್ಸ್ ಟೈಗರ್ಸ್‌ಗೆ ಒಂದು ವರ್ಷಕ್ಕೆ ಎರವಲು ಕೊಟ್ಟರು, ಆ ಕಡೆಯಿಂದ ಸೆಂಟರ್ ಪಾಲ್ ಮೊಮಿರೋವ್ಸ್ಕಿ ಬಂದ. ಅದೇ ವರ್ಷದ ಕೊನೆಗೆ ಗ್ರ್ಯಾಂಟ್ ಕ್ವೀನ್ಸ್‌ಲ್ಯಾಂಡ್ ಪರ ಒರಿಜಿನ್ ಮೂರನೇ ಪಂದ್ಯ ಆಡಿ ಟ್ರೈ ಹೊಡೆದ.

ಫಿಸಿಯೋ_ಹಾಸನ ಉತ್ತರ:

ನಾನು ಫಿಸಿಯೋ. ಸಂಜೆ ಹೊತ್ತು ಒಂದು ಜೂನಿಯರ್ ಕ್ಲಬ್‌ನಲ್ಲಿ ಹುಡುಗರಿಗೆ ಟೇಪ್ ಕಟ್ಟುತ್ತೇನೆ. ಜಾಗ ಖಾಲಿಯಾಗುವ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ.

ತಲೆಗೆ ಪೆಟ್ಟು ಬಿದ್ದು ಕನ್ಕಷನ್ (ಮೆದುಳಿಗೆ ಆಘಾತ) ಖಚಿತವಾದರೆ 2023ರಿಂದ ಸಾಮಾನ್ಯವಾಗಿ ಕನಿಷ್ಠ 11 ದಿನ ಆಡುವಂತಿಲ್ಲ. ಶುಕ್ರವಾರ ಪೆಟ್ಟು ಬಿದ್ದರೆ ಮುಂದಿನ ಶುಕ್ರವಾರಕ್ಕೆ ಏಳೇ ದಿನ. ಅಂದರೆ ಮುಂದಿನ ಪಂದ್ಯ ಹೋಯಿತು. ಮೊದಲು ಅಂಥ ಆಟಗಾರ ಪರೀಕ್ಷೆ ಪಾಸಾಗಿ ಆರನೇ ದಿನ ಮತ್ತೆ ಇಳಿದುಬಿಡುತ್ತಿದ್ದ. ಈಗ ಹಾಗಿಲ್ಲ, ಅದು ಒಳ್ಳೆಯದೇ. ಆ ಒಂದು ವಾರಕ್ಕೆ ಕೆಳಗಿನಿಂದ ಯಾರಾದರೂ ಬರಲೇಬೇಕು.

ಇದರ ಜೊತೆಗೆ ಮೇ ಕೊನೆಯಿಂದ ಜುಲೈವರೆಗೆ ಒರಿಜಿನ್ ಪಂದ್ಯಗಳು. ದೊಡ್ಡ ಆಟಗಾರರು ರಾಜ್ಯದ ಶಿಬಿರಕ್ಕೆ ಹೋಗುತ್ತಾರೆ, ಕ್ಲಬ್ ಆ ವಾರವೂ ಆಡಬೇಕಾಗುತ್ತದೆ. ಎಷ್ಟೋ ಹುಡುಗರ ಮೊದಲ ಪಂದ್ಯ ಆ ಹೊತ್ತಿನಲ್ಲೇ. ಅದಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಮೈ ಸರಿಯಾಗಿ ಇಟ್ಟುಕೊಳ್ಳುವುದು ಬಹಳ ಮುಖ್ಯ. ತೊಡೆಯ ಹಿಂದಿನ ಸ್ನಾಯು ಸ್ವಲ್ಪ ಹಿಡಿದರೂ ಮುಚ್ಚಿಟ್ಟು ಆಡುವ ಹುಡುಗರನ್ನು ನೋಡಿದ್ದೇನೆ. ಮೇಲಿನಿಂದ ಕರೆ ಬಂದ ವಾರ ಆ ಸ್ನಾಯು ಹರಿದಿರುತ್ತದೆ. ದಯವಿಟ್ಟು ಅವರ ತಂದೆಗೆ ಇದನ್ನು ಹೇಳಿ.

ಬ್ಲ್ಯಾಕ್‌ಟೌನ್_ಹೊಸಬ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಗಾರ್ಡ್ ಸರ್, ನೀವು ಹೇಳಿದ ಹಾಗೆ ಶನಿವಾರ ಗೋಲ್ ಕಂಬಗಳ ಹಿಂದೆ ನಿಂತು ನೋಡಿದೆ. ಆ ತಂದೆಯೂ ಜೊತೆಗೆ ಬಂದಿದ್ದರು. ಹುಡುಗ ಎತ್ತರದ ಚೆಂಡನ್ನು ಚೆನ್ನಾಗಿಯೇ ಹಿಡಿಯುತ್ತಾನೆ. ಓಟವೂ ಧೈರ್ಯದ್ದು. ಆದರೆ ಎರಡನೇ ಅರ್ಧದಲ್ಲಿ ಒಮ್ಮೆ ಒಳಗೆ ನುಗ್ಗಿದ, ಅವನ ಹೊರಗಿನಿಂದ ಟ್ರೈ ಆಯಿತು. ತಂದೆ ಕೂಡಲೇ "ಇದನ್ನೇ ಕೋಚ್ ಹೇಳುತ್ತಾ ಇರುವುದು" ಅಂದರು. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು.

ಹುಡುಗ ಡೆವಲಪ್‌ಮೆಂಟ್ ಪಟ್ಟಿಯಲ್ಲಿ ಇದ್ದಾನಂತೆ. ಒಪ್ಪಂದ ಮುಂದಿನ ವರ್ಷದ ಕೊನೆಗೆ ಮುಗಿಯುತ್ತದೆ. ಅವನ ಮುಂದೆ ಇಬ್ಬರು ವಿಂಗರ್, ಇಬ್ಬರೂ ಇನ್ನೂ ಚಿಕ್ಕ ವಯಸ್ಸಿನವರು, ಇಬ್ಬರಿಗೂ ಉದ್ದದ ಒಪ್ಪಂದ. ತಂದೆ ನನ್ನನ್ನು ಕೇಳಿದರು: ಕ್ಲಬ್ ಬಿಡಬೇಕಾ? ಹತ್ತು ವರ್ಷದ ಮಗುವಿದ್ದಾಗಿನಿಂದ ಅದೇ ಜರ್ಸಿ. ನನಗೆ ಉತ್ತರ ಗೊತ್ತಿರಲಿಲ್ಲ. ಏನು ಹೇಳಲಿ?

ವೆಂಟ್ವರ್ತ್‌ವಿಲ್_ಗಾರ್ಡ್ ಉತ್ತರ:

ನೀವು ಹೋಗಿ ನೋಡಿದ್ದು ಬಹಳ ಸಂತೋಷವಾಯಿತು. ಅವರ ಪಕ್ಕದಲ್ಲಿ ನಿಂತು ನೋಡಿದ್ದೀರಲ್ಲ, ಅದೇ ದೊಡ್ಡದು.

ಒಳಗೆ ನುಗ್ಗಿದ್ದರ ಬಗ್ಗೆ ಮೊದಲು ಹೇಳುತ್ತೇನೆ. ಅದು ಪೂರ್ತಿ ಅವನದೇ ತಪ್ಪು ಅಂತ ತಿಳಿಯಬೇಡಿ. ಒಳಗಿನ ಸೆಂಟರ್ ತಡವಾಗಿದ್ದರೆ ವಿಂಗರ್‌ಗೆ ಬೇರೆ ದಾರಿ ಇರುವುದಿಲ್ಲ. ರಿಸರ್ವ್ ಗ್ರೇಡ್‌ನಲ್ಲಿ ಪಕ್ಕದ ಸೆಂಟರ್ ವಾರ ವಾರ ಬದಲಾಗುತ್ತಾನೆ. ಒಬ್ಬ ಮೇಲೆ ಹೋಗುತ್ತಾನೆ, ಇನ್ನೊಬ್ಬ ಗಾಯ ವಾಸಿಯಾಗಿ ಕೆಳಗಿನಿಂದ ಶುರು ಮಾಡುತ್ತಾನೆ. ಆ ಇಬ್ಬರ ನಡುವೆ ಹೊಂದಾಣಿಕೆ ಬೆಳೆಯಲು ಸಮಯವೇ ಸಿಗುವುದಿಲ್ಲ. ಹುಡುಗ ಪ್ರತಿ ಹೊಸ ಸೆಂಟರ್ ಜೊತೆ ವಾರದ ಮೊದಲ ಅಭ್ಯಾಸದಲ್ಲೇ ಕೂತು ಮಾತಾಡಬೇಕು: ನೀನು ಎಲ್ಲಿಯವರೆಗೆ ಬರುತ್ತೀಯ, ನಾನು ಯಾವಾಗ ಬಿಡಲಿ. ಜೋರಾಗಿ ಮಾತಾಡುವ ವಿಂಗರ್ ಕೋಚ್‌ಗಳಿಗೆ ಬಹಳ ಇಷ್ಟ.

ಇನ್ನು ಕ್ಲಬ್ ಬಿಡುವ ಮಾತು. ನಮ್ಮವರಿಗೆ ಅರ್ಥವಾಗುವ ಒಂದು ಉದಾಹರಣೆ ಕೊಡುತ್ತೇನೆ. ಕರುಣ್ ನಾಯರ್ 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದ. ಆಮೇಲೆ ಭಾರತ ತಂಡದಿಂದ ಹೋದ, ಮುಂದೆ ನಮ್ಮ ಕರ್ನಾಟಕ ತಂಡದಲ್ಲೂ ಜಾಗ ಇಲ್ಲವಾಯಿತು. ವಿದರ್ಭಕ್ಕೆ ಹೋದ. ಅಲ್ಲಿ ರನ್ ಗುಡ್ಡೆ ಹಾಕಿದ, ರಣಜಿ ಗೆದ್ದ, 2025ರಲ್ಲಿ ಮತ್ತೆ ಟೆಸ್ಟ್ ಆಡಿದ. ಊರಿನ ಜರ್ಸಿ ಬಿಡುವಾಗ ಅವನಿಗೂ ನೋವಾಗಿರಬೇಕು. ಆದರೆ ಕರ್ನಾಟಕದಲ್ಲೇ ಕಾದಿದ್ದರೆ ಆ ರನ್‌ಗಳು ಯಾರ ಕಣ್ಣಿಗೆ ಬೀಳುತ್ತಿದ್ದವು?

ಹಾಗಂತ ಇವತ್ತೇ ಬಿಡು ಅನ್ನುವುದಿಲ್ಲ. ಹುಡುಗನ ವಯಸ್ಸು ಎಷ್ಟು ಅಂತ ನೀವು ಬರೆದಿಲ್ಲ. ಇಪ್ಪತ್ತೊಂದರ ಒಳಗಿದ್ದರೆ ಈ ಸೀಸನ್ ಪೂರ್ತಿ ಅಲ್ಲೇ ಇರಲಿ. ಮುಂದೆ ಇರುವ ಇಬ್ಬರಲ್ಲಿ ಒಬ್ಬರಾದರೂ ಒರಿಜಿನ್ ಅಥವಾ ಗಾಯದಿಂದ ಹೊರಗೆ ಹೋಗುತ್ತಾರೆ. ಆಗ ಇವನನ್ನು ಕರೆಯುತ್ತಾರಾ, ಅಥವಾ ಸೆಂಟರ್ ಒಬ್ಬನನ್ನು ವಿಂಗ್‌ಗೆ ಸರಿಸಿ ಇವನನ್ನು ಬಿಡುತ್ತಾರಾ, ಅದನ್ನು ನೋಡಿ. ಕ್ಲಬ್ ಬಾಯಲ್ಲಿ ಏನೇ ಹೇಳಲಿ, ಅವರ ನಿಜವಾದ ಅಭಿಪ್ರಾಯ ಆ ವಾರದ ಪಟ್ಟಿಯಲ್ಲಿ ಗೊತ್ತಾಗುತ್ತದೆ.

ವಯಸ್ಸು ಇಪ್ಪತ್ತಮೂರು ಇಪ್ಪತ್ನಾಲ್ಕು ಆಗಿದ್ದರೆ ನನ್ನ ಮಾತು ಬೇರೆ. ಎದುರಿಗೆ ಎರಡು ಉದ್ದದ ಒಪ್ಪಂದ ಇದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಒಪ್ಪಂದದ ಕೊನೆಯ ವರ್ಷ ಶುರುವಾಗುವ ಮುಂಚೆ, ನವೆಂಬರ್ 1ರಿಂದ ಬೇರೆ ಕ್ಲಬ್‌ಗಳ ಜೊತೆ ಮಾತಾಡಲು ನಿಯಮದಲ್ಲೇ ಅವಕಾಶ ಇದೆ. ಅವರ ಮ್ಯಾನೇಜರ್ ಆ ದಿನಕ್ಕೆ ವೀಡಿಯೊ ತಯಾರು ಮಾಡಿಟ್ಟುಕೊಳ್ಳಲಿ. ಬರೀ ಟ್ರೈಗಳ ವೀಡಿಯೊ ಬೇಡ, ಎಲ್ಲರ ಹತ್ತಿರವೂ ಅದೇ ಇರುತ್ತದೆ. ಎತ್ತರದ ಚೆಂಡು ಹಿಡಿದದ್ದು, ಗೋಲಿನ ಹತ್ತಿರದಿಂದ ಓಡಿದ್ದು, ಎಪ್ಪತ್ತನೇ ನಿಮಿಷದಲ್ಲಿ ಹಿಂದಕ್ಕೆ ಓಡಿ ಬಂದು ಟ್ರೈ ಉಳಿಸಿದ್ದು, ಇವೆಲ್ಲಾ ಇರಬೇಕು.

ಜಾಗಗಳೂ ಹೆಚ್ಚುತ್ತಿವೆ. 2023ರಲ್ಲಿ ಡಾಲ್ಫಿನ್ಸ್ ಸೇರಿ 17 ತಂಡ ಆಯಿತು. 2027ಕ್ಕೆ ಪರ್ತ್ ಬೇರ್ಸ್, 2028ಕ್ಕೆ ಪಾಪುವಾ ನ್ಯೂ ಗಿನಿಯ ತಂಡ. ತಂಡಕ್ಕೆ 30 ಅಂದರೂ 60 ಹೊಸ ಜಾಗ. ದೊಡ್ಡ ಹೆಸರುಗಳನ್ನು ಕೊಂಡ ಮೇಲೆ ಸಂಬಳದ ಮಿತಿಯಲ್ಲಿ ಉಳಿಯುವುದು ಸ್ವಲ್ಪವೇ ದುಡ್ಡು. ಪಟ್ಟಿಯ ಕೆಳ ಅರ್ಧವನ್ನು ಇಂಥ ಹುಡುಗರಿಂದಲೇ ತುಂಬುತ್ತಾರೆ. ಡಾಲ್ಫಿನ್ಸ್ ಶುರುವಾದಾಗ ಪೆನ್ರಿತ್‌ನಲ್ಲಿ ಬೆಳೆದ ಐಸಾಯಾ ಕಟೋವಾ ಹಾಗೇ ಹೋದ, ಅಲ್ಲಿನ ಹಾಫ್‌ಬ್ಯಾಕ್ ನೇಥನ್ ಕ್ಲಿಯರಿ ಹಿಂದೆ ಕಾಯಲಿಲ್ಲ.

ಇನ್ನೊಂದು ಉದಾಹರಣೆ ಕೊಟ್ಟು ನಿಲ್ಲಿಸುತ್ತೇನೆ. ರಿಸರ್ವ್ ಗ್ರೇಡ್‌ನಲ್ಲಿ ಮೇಲೆ ಹೋಗುವ ಹುಡುಗರು ಮಾತ್ರ ಇರುವುದಿಲ್ಲ, ಮೇಲಿಂದ ಇಳಿದ ಗಂಡಸರೂ ಇರುತ್ತಾರೆ. ತಾನಾ ಬಾಯ್ಡ್ ಗೋಲ್ಡ್ ಕೋಸ್ಟ್‌ನಲ್ಲಿ ಎನ್‌ಆರ್‌ಎಲ್ ಆಡಿದ್ದವನು. 2025ಕ್ಕೆ ನ್ಯೂಜಿಲೆಂಡ್ ವಾರಿಯರ್ಸ್‌ಗೆ ಬಂದಾಗ ಅವನಿಗೆ ಸಿಕ್ಕಿದ್ದು ಎನ್‌ಎಸ್‌ಡಬ್ಲ್ಯೂ ಕಪ್. ಮುಖ ಸಪ್ಪಗೆ ಮಾಡಿಕೊಂಡು ಆಡಲಿಲ್ಲ. ಅರ್ಧ ಸೀಸನ್ ಆ ತಂಡವನ್ನು ಅಚ್ಚುಕಟ್ಟಾಗಿ ನಡೆಸಿದ. ಮೇಲಿನ ತಂಡದ ಹಾಫ್‌ಬ್ಯಾಕ್ ಲೂಕ್ ಮೆಟ್‌ಕಾಫ್ ಮಂಡಿಗೆ ಗಾಯವಾದಾಗ ಕೋಚ್ ಅವನಿಗೇ ಹಾಫ್‌ಬ್ಯಾಕ್ ಜರ್ಸಿ ಕೊಟ್ಟರು. ಆ ರಿಸರ್ವ್ ತಂಡ ಆ ವರ್ಷ ಕಪ್ಪನ್ನೂ ಗೆದ್ದಿತು.

ಮುಂದಿನ ಶನಿವಾರ ಅವರ ಪಂದ್ಯ ಎಲ್ಲಿ ಅಂತ ತಿಳಿಸಿ. ಪಶ್ಚಿಮ ಸಿಡ್ನಿಯಲ್ಲೇ ಇದ್ದರೆ ನಾನೂ ಬರುತ್ತೇನೆ. ಹುಡುಗನ ಅಪ್ಪನಿಗೆ ಹೇಳಿ, ಗೋಲ್ ಕಂಬದ ಹಿಂದೆ ಮೂರು ಜನರಿಗೆ ಜಾಗ ಹಿಡಿದಿಟ್ಟಿರಲಿ.